ಸೈಕಲ್ ಸವಾರರಿಗೆ ಲಕ್ಷ ರೂಪಾಯಿಯ ಗಾಲಿ ಬೇಕೆ?

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ರಾಯಬಾಗ ತಾಲೂಕಿನ ಸದ್ಭಕ್ತರೊಬ್ಬರು ಪತ್ನಿಯೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ೪೮. ಆರು ಎಕರೆ ಕಬ್ಬು, ಊರಿನಲ್ಲೊಂದು ಬೀಜ-ಗೊಬ್ಬರದ ಅಂಗಡಿ. ಮೂರು ವರ್ಷಗಳ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದಾಗ ದಿನವೂ ನಡೆಯಿರೆಂದು ಹೇಳಿದವರು ನಾವೇ. ಅವರು ನಡಿಗೆಯ ಬದಲು ಸೈಕಲ್ ಹಿಡಿದರು, ಬಿಡದೆ ತುಳಿದರು, ಒಂಬತ್ತು ಕಿಲೊ ತೂಕ ಇಳಿಸಿದರು. ಸಕ್ಕರೆಯೂ ಹಿಡಿತಕ್ಕೆ ಬಂದಿತು. ಈಗ ಬಂದದ್ದು ಬೇರೆ ಎರಡು ತೊಂದರೆಗಳಿಗಾಗಿ. ಗಂಟೆಗಟ್ಟಲೆ ಸವಾರಿ ಮಾಡಿದ ಮೇಲೆ ಉಂಗುರದ ಬೆರಳು ಮತ್ತು ಕಿರುಬೆರಳು ಜುಮುಗುಟ್ಟುತ್ತವೆ, ಸೊಂಟ ಹಿಡಿದುಕೊಳ್ಳುತ್ತದೆ. ನಾಡಿ ನೋಡುತ್ತಿದ್ದಂತೆಯೇ ಅವರು ನಿಜವಾದ ಪ್ರಶ್ನೆಯನ್ನು ಹೊರತೆಗೆದರು.

“ಕಬ್ಬಿನ ಬಿಲ್ಲು ಬರೂದೈತ್ರಿ. ಕಾರ್ಬನ್ ಗಾಲಿ ಜೋಡಿಗೆ ಒಂದ ಲಕ್ಷ ಇಪ್ಪತ್ತ ಸಾವಿರ ಅಂತಾರ. ನಮ್ಮ ಗುಂಪಿನಾಗ ಮೂರು ಮಂದಿ ಹಾಕ್ಯಾರ. ನಾನೂ ಹಾಕಿದ್ರ ಸುಸ್ತು ಕಡಿಮಿ ಆಗತೈತೇನ್ರಿ ಡಾಕ್ಟರ್ ಸಾಹೇಬರ?”

ಪಕ್ಕದಲ್ಲಿ ಕುಳಿತಿದ್ದ ತಾಯಿಯವರು ಏನೂ ಮಾತನಾಡಲಿಲ್ಲ. ಮಗಳ ನರ್ಸಿಂಗ್ ಕಾಲೇಜಿನ ಫೀ ಅದೇ ಬಿಲ್ಲಿನಿಂದ ತುಂಬಬೇಕಾಗಿತ್ತೆಂಬುದು ನಮಗೆ ತಿಳಿದಿತ್ತು.

ಇಂತಹ ಪ್ರಶ್ನೆ ಆಯುರ್ವೇದದ ವೈದ್ಯರಿಗೆ ಏಕೆ ಎಂದು ಕೆಲವರಿಗೆ ಅನಿಸೀತು. ಆದರೆ ೨೦೨೦ರ ಲಾಕ್‌ಡೌನ್ ನಂತರ ನಮ್ಮ ಭಾಗದಲ್ಲಿ ಸೈಕಲ್ ಮತ್ತೆ ಬಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಯಾವ ಕಡೆಗೆ ಹೋದರೂ ಬೆಳಗಿನ ಜಾವ ಶಿರಸ್ತ್ರಾಣ ಧರಿಸಿ ಸಾಲಾಗಿ ಹೊರಟ ವೈದ್ಯರು, ಶಿಕ್ಷಕರು, ಅಡತಿ ವ್ಯಾಪಾರಿಗಳು ಕಾಣಸಿಗುತ್ತಾರೆ. ನಮ್ಮ ಬಾಲ್ಯದಲ್ಲಿ ಸೈಕಲ್ಲೆಂದರೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಕುಳಿತ ತಂಗಿ. ಡೈನಮೋ ಹಾಕಿದರೆ ತುಳಿಯುವುದೇ ಕಷ್ಟವಾಗುವ ಇಪ್ಪತ್ತು ಕಿಲೊದ ಕರಿ ಸೈಕಲ್. ಈಗಿನದು ಆರೋಗ್ಯಕ್ಕಾಗಿ ಮತ್ತು ಸಂತೋಷಕ್ಕಾಗಿ ತುಳಿಯುವ ಸೈಕಲ್. ಒಳ್ಳೆಯದೇ ಆಯಿತು. ಅದರ ಹಿಂದೆಯೇ ಅದರ ಮಾರುಕಟ್ಟೆಯೂ ಬಂದಿದೆ. ಅರ್ಧ ಲಕ್ಷದಿಂದ ಮೂರು ಲಕ್ಷದವರೆಗಿನ ಗಾಲಿಗಳನ್ನು ಮೊಬೈಲಿನಲ್ಲಿ ಬೆರಳೊತ್ತಿ ತರಿಸಿಕೊಳ್ಳಬಹುದು. ದೇಹಕ್ಕೆ ಒಳ್ಳೆಯದಾಗುತ್ತದೆಂಬ ನಂಬಿಕೆಯಿಂದ ಖರ್ಚಾಗುವ ಹಣದ ಮಾತು ವೈದ್ಯರ ಬಳಿಗೆ ಬರುವುದು ಸಹಜ.

ಮೊದಲು ಆ ಗಾಲಿ ಏನೆಂಬುದನ್ನು ತಿಳಿಯೋಣ. ಸಾಧಾರಣ ಗಾಲಿಯ ರಿಮ್ ಅಲ್ಯುಮಿನಿಯಮ್ಮಿನದು, ಎರಡು-ಎರಡೂವರೆ ಸೆಂಟಿಮೀಟರ್ ಎತ್ತರದ್ದು. ಕಾರ್ಬನ್ ನಾರಿನಿಂದ ಮಾಡಿದ ಗಾಲಿಯ ರಿಮ್ ನಾಲ್ಕರಿಂದ ಆರು ಸೆಂಟಿಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ಎತ್ತರವಾಗಿರುತ್ತದೆ. ತಿರುಗುವ ಸ್ಪೋಕ್ ಕಡ್ಡಿಗಳು ಗಾಳಿಯನ್ನು ಕಡೆಯುವುದು ಇದರಿಂದ ಕಡಿಮೆಯಾಗುತ್ತದೆ. ಟೈರನ್ನು ದಾಟಿ ಬಂದ ಗಾಳಿ ರಿಮ್ಮಿನ ಮೇಲೆ ಜಾರಿ ಹೋಗುತ್ತದೆ. ಇದು ಬರೀ ಜಾಹೀರಾತಿನ ಮಾತಲ್ಲ. ೧೯೮೪ರ ಜನವರಿಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ನಗರದಲ್ಲಿ ಕಡ್ಡಿಗಳೇ ಇಲ್ಲದ ತಟ್ಟೆಯಂತಹ ಗಾಲಿಗಳನ್ನು ಹಾಕಿಕೊಂಡು ಒಂದು ಗಂಟೆಯಲ್ಲಿ ೫೧.೧೫೧ ಕಿ.ಮೀ. ಕ್ರಮಿಸಿ ವಿಶ್ವದಾಖಲೆ ಮಾಡಿದರು. ಅಂದಿನಿಂದ ಪಂದ್ಯದ ಸೈಕಲ್ಲುಗಳಲ್ಲಿ ಗಾಲಿಯ ಆಕಾರಕ್ಕೆ ಬಹಳ ಬೆಲೆ ಬಂದಿದೆ.

ಆದರೆ ಐದು ವರ್ಷಗಳ ನಂತರ ನಡೆದ ಇನ್ನೊಂದು ಘಟನೆಯನ್ನು ನಾವು ನಮ್ಮ ರೋಗಿಗೆ ಹೇಳಿದೆವು. ೧೯೮೯ರ ಟೂರ್ ಡಿ ಫ್ರಾನ್ಸ್ ಪಂದ್ಯದ ಕೊನೆಯ ದಿನ. ಫ್ರಾನ್ಸಿನ ಲೊರಾಂ ಫಿನ್ಯೋಂ ೫೦ ಸೆಕೆಂಡು ಮುಂದಿದ್ದರು. ಒಬ್ಬೊಬ್ಬರಾಗಿ ಓಡಿಸಬೇಕಾದ ೨೪.೫ ಕಿ.ಮೀ. ಮಾತ್ರ ಉಳಿದಿತ್ತು. ಫಿನ್ಯೋಂ ಅವರ ಎರಡೂ ಗಾಲಿಗಳು ತಟ್ಟೆ ಗಾಲಿಗಳು. ಆದರೆ ಅವರ ತಲೆ ಬರಿದಾಗಿತ್ತು, ಹಿಂದೆ ಕಟ್ಟಿದ ಜುಟ್ಟು ಗಾಳಿಗೆ ಹಾರುತ್ತಿತ್ತು. ಎದುರಾಳಿ ಅಮೆರಿಕದ ಗ್ರೆಗ್ ಲೆಮಾಂಡ್ ಅವರಿಗೆ ತಟ್ಟೆ ಗಾಲಿ ಇದ್ದದ್ದು ಹಿಂದೆ ಮಾತ್ರ. ಮುಂದಿನದು ಕಡ್ಡಿಗಳ ಗಾಲಿ. ಅವರು ಹ್ಯಾಂಡಲ್ಲಿಗೆ ಮುಂಚಾಚಿದ ಕೊಂಬುಗಳನ್ನು ಜೋಡಿಸಿ, ಮೊಣಕೈಗಳನ್ನು ಹತ್ತಿರ ತಂದು, ಬೆನ್ನನ್ನು ಬಾಗಿಸಿ, ಗಾಳಿಗೆ ಜಾರುವ ಶಿರಸ್ತ್ರಾಣ ಧರಿಸಿದ್ದರು. ಆ ದಿನದ ಓಟವನ್ನು ೫೮ ಸೆಕೆಂಡು ಬೇಗ ಮುಗಿಸಿದರು. ಇಡೀ ಪಂದ್ಯವನ್ನು ೮ ಸೆಕೆಂಡುಗಳಿಂದ ಗೆದ್ದರು. ಕಾಲಿನ ಬಲವೂ ಆ ದಿನ ಕೆಲಸ ಮಾಡಿರಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಗಾಳಿಗೆ ಎದುರಾಗುವ ದೊಡ್ಡ ವಸ್ತು ಗಾಲಿಯಲ್ಲ, ಸವಾರನ ಮೈ ಎಂಬುದು ಜಗತ್ತಿಗೆ ಅಂದು ಕಣ್ಣಾರೆ ಕಂಡಿತು. ಸವಾರ ಮತ್ತು ಸೈಕಲ್ ಸೇರಿ ಎದುರಿಸುವ ಗಾಳಿಯ ತಡೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮೈಯದೇ. ಉಳಿದ ಒಂದು ಪಾಲಿನಲ್ಲಿ ಚೌಕಟ್ಟು, ಹ್ಯಾಂಡಲ್, ಗಾಲಿ ಎಲ್ಲವೂ ಹಂಚಿಕೊಳ್ಳಬೇಕು.

ಇನ್ನು ವೇಗದ ಲೆಕ್ಕ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟು. ಗಂಟೆಗೆ ೪೦ ಕಿ.ಮೀ. ವೇಗದಲ್ಲಿ ಒಳ್ಳೆಯ ಕಾರ್ಬನ್ ಗಾಲಿ ೧೦ ವ್ಯಾಟ್ ಶಕ್ತಿ ಉಳಿಸುತ್ತದೆಂದು ಉದಾರವಾಗಿಯೇ ಹಿಡಿಯೋಣ. ನಮ್ಮ ಸವಾರರು ಗುಂಪಿನಲ್ಲಿ ಹೋಗುವುದು ೨೫ರ ಆಸುಪಾಸಿನಲ್ಲಿ. ಆ ವೇಗಕ್ಕೆ ಅದೇ ಗಾಲಿಯ ಉಳಿತಾಯ ಎರಡೂವರೆ ವ್ಯಾಟಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕಾಲುಗಳು ಕೊಡುತ್ತಿರುವುದು ಸುಮಾರು ನೂರು ವ್ಯಾಟ್. ಮನೆಯ ಸಣ್ಣ ಎಲ್‌ಇಡಿ ದೀಪವೂ ಎರಡೂವರೆ ವ್ಯಾಟಿಗಿಂತ ಹೆಚ್ಚು ಕರೆಂಟು ಉಣ್ಣುತ್ತದೆ.

ಇಲ್ಲಿ ಮಾರಾಟಗಾರರು ಒಂದು ಜಾಣ ವಾದವನ್ನು ಮುಂದಿಡುತ್ತಾರೆ: ನಿಧಾನವಾಗಿ ಹೋಗುವವರು ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುತ್ತಾರೆ, ಆದ್ದರಿಂದ ಅವರಿಗೆ ಉಳಿಯುವ ಸಮಯವೂ ಹೆಚ್ಚು. ನಾವು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು, ವಾದ ಸುಳ್ಳಲ್ಲ. ಗಂಟೆಗೆ ೪೦ರ ವೇಗದವನಿಗೆ ೪೦ ಕಿ.ಮೀ. ದಾರಿಯಲ್ಲಿ ೪೦ ಸೆಕೆಂಡು ಉಳಿದರೆ, ೨೫ರ ವೇಗದವರಿಗೆ ಅದೇ ದಾರಿಯಲ್ಲಿ ಹತ್ತಿರ ಹತ್ತಿರ ಒಂದು ನಿಮಿಷ ಉಳಿಯುತ್ತದೆ. ಆದರೆ ಪಂದ್ಯದಲ್ಲಿ ಆ ೪೦ ಸೆಕೆಂಡು ಗೆದ್ದವನನ್ನೂ ಸೋತವನನ್ನೂ ಬೇರ್ಪಡಿಸುತ್ತದೆ. ನಮ್ಮವರ ಒಂದು ನಿಮಿಷ? ತೊಂಬತ್ತಾರು ನಿಮಿಷದ ಸವಾರಿಯಲ್ಲಿ ಅದು ಚಹಾ ಅಂಗಡಿಯ ಮುಂದೆ ಕರಗುತ್ತದೆ. ರಸ್ತೆಗೆ ಅಡ್ಡ ಬಂದ ಕುರಿಹಿಂಡು ಅದನ್ನು ಮೂರು ಸಲ ನುಂಗುತ್ತದೆ. ೨೦೦ ಕಿ.ಮೀ. ಬ್ರೆವೆ ಸವಾರಿಗೆ ಹೋಗುವವರಿಗೂ ಇದನ್ನೇ ಹೇಳುತ್ತೇವೆ. ಅಲ್ಲಿ ಕೊಡುವ ಅವಧಿ ೧೩ ಗಂಟೆ ೩೦ ನಿಮಿಷ, ಅಂದರೆ ಸರಾಸರಿ ಗಂಟೆಗೆ ೧೫ ಕಿ.ಮೀ.ಗಿಂತ ಕಡಿಮೆ ಸಾಕು. ಅಲ್ಲಿ ಜನ ಸೋಲುವುದು ಗಾಳಿಗಿಂತ ಹೆಚ್ಚಾಗಿ ಹೊಟ್ಟೆಗೆ, ನಿದ್ರೆಗೆ, ಕುಳಿತಲ್ಲಿ ಆಗುವ ಹುಣ್ಣಿಗೆ.

“ಹಗುರ ಅದಾವಲ್ರಿ, ಏರಿನಾಗ ಅನುಕೂಲ ಆಗತೈತಿ” ಎಂದು ಅವರು ಇನ್ನೊಂದು ದಾಳ ಉರುಳಿಸಿದರು. ನಿಪ್ಪಾಣಿಯ ಬಳಿ ಹೆದ್ದಾರಿಯಲ್ಲಿರುವ ತವಂದಿ ಘಾಟು ಅವರ ಗುಂಪಿನ ಪರೀಕ್ಷಾ ಕಣವಂತೆ. ಕಾರ್ಬನ್ ಗಾಲಿ ಜೋಡಿ ೩೦೦ ಗ್ರಾಂ ಹಗುರವೆಂದು ಇಟ್ಟುಕೊಳ್ಳೋಣ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ ೮೫ ಕಿಲೊ. ಹದಿನೈದು ನಿಮಿಷದ ಏರಿನಲ್ಲಿ ಉಳಿಯುವುದು ಮೂರು ಸೆಕೆಂಡು. ಗಾಲಿಯ ತೂಕ ತಿರುಗುವ ತೂಕವಾದ್ದರಿಂದ ಅದಕ್ಕೆ ದುಪ್ಪಟ್ಟು ಬೆಲೆ ಎನ್ನುವವರಿದ್ದಾರೆ. ಅದು ವೇಗ ಹೆಚ್ಚಿಸಿಕೊಳ್ಳುವ ಕ್ಷಣಕ್ಕೆ ಮಾತ್ರ ನಿಜ. ಒಂದೇ ವೇಗದಲ್ಲಿ ತುಳಿಯುವಾಗ ತೂಕ ತೂಕವೇ. ಅವರ ಹೊಟ್ಟೆಯ ಸುತ್ತ ಇನ್ನೂ ಐದು ಕಿಲೊ ಮೇದಸ್ಸು ಉಳಿದಿತ್ತು. ಅದನ್ನು ಇಳಿಸಿದರೆ ಅದೇ ಏರಿನಲ್ಲಿ ಐವತ್ತು ಸೆಕೆಂಡಿನಷ್ಟು ಉಳಿಯುತ್ತದೆಂದಾಗ ತಾಯಿಯವರು ಮೊದಲ ಬಾರಿಗೆ ನಕ್ಕರು.

ಆರೋಗ್ಯದ ದೃಷ್ಟಿಯಿಂದ ನೋಡಿದರೆ ಈ ಪ್ರಶ್ನೆಯಲ್ಲಿ ಒಂದು ವಿಚಿತ್ರವೂ ಇದೆ. ವ್ಯಾಯಾಮಕ್ಕಾಗಿ ಸೈಕಲ್ ತುಳಿಯುವವನಿಗೆ ಗಾಳಿಯ ತಡೆಯೇ ಔಷಧ. ಅದೇ ಶ್ರಮದಲ್ಲಿ ಸ್ವಲ್ಪ ಬೇಗ ಮನೆ ಸೇರಿದರೆ ದೇಹಕ್ಕೆ ದಕ್ಕಿದ್ದು ಒಂದು ನಿಮಿಷ ಕಡಿಮೆ ವ್ಯಾಯಾಮ. ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸುವುದು, ಹೃದಯ ಬಲಗೊಳ್ಳುವುದು ಎಲ್ಲವೂ ಎಷ್ಟು ಹೊತ್ತು, ಎಷ್ಟು ಶ್ರಮ ಎಂಬುದನ್ನು ಅವಲಂಬಿಸಿವೆ. ಎಷ್ಟು ಕಿಲೊಮೀಟರ್ ಎಂಬುದನ್ನಲ್ಲ. ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವಾಗ್ಭಟಾಚಾರ್ಯರು ವ್ಯಾಯಾಮದಿಂದ ಮೈ ಹಗುರವಾಗುವುದು, ಕೆಲಸದ ಸಾಮರ್ಥ್ಯ ಹೆಚ್ಚುವುದು, ಜಠರಾಗ್ನಿ ದೀಪ್ತವಾಗುವುದು, ಮೇದಸ್ಸು ಕರಗುವುದು ಎಂದು ಫಲಗಳನ್ನು ಹೇಳಿ, ಬಲವಂತರೂ ಸ್ನಿಗ್ಧ ಆಹಾರ ಸೇವಿಸುವವರೂ ಶೀತಕಾಲ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ಮಾಡಬೇಕು ಎನ್ನುತ್ತಾರೆ. ಹಣೆ, ಮೂಗು, ಸಂಧಿಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯುವುದು ವೈದ್ಯ ಪರಂಪರೆ. ಅತಿಯಾದರೆ ತೃಷ್ಣೆ, ಕ್ಷಯ, ಶ್ವಾಸ, ಕೆಮ್ಮು, ಜ್ವರಗಳ ಎಚ್ಚರಿಕೆಯೂ ಅಲ್ಲಿಯೇ ಇದೆ. ಈಗಿನವರು ಬೇಸಿಗೆಯ ಹತ್ತು ಗಂಟೆಯ ಬಿಸಿಲಿನಲ್ಲಿ ಗುಂಪಿಗೆ ಹಿಂದೆ ಬೀಳಬಾರದೆಂದು ಹಲ್ಲು ಕಚ್ಚಿ ತುಳಿಯುವುದನ್ನು ಕಂಡಾಗ ನಮಗೆ ಈ ಮಾತುಗಳು ನೆನಪಾಗುತ್ತವೆ. ಗಾಲಿ ಬದಲಿಸಿದರೆ ಆ ಪೈಪೋಟಿ ಕಡಿಮೆಯಾಗದು, ಇತರರೂ ಬದಲಿಸಿರುತ್ತಾರೆ.

ಹಾಗಾದರೆ ಅವರ ಬೆರಳಿನ ಜುಮು, ಸೊಂಟದ ನೋವು? ಮರುದಿನ ಸೈಕಲ್ಲನ್ನೇ ತರಲು ಹೇಳಿದೆವು. ಸೀಟು ಎರಡು ಬೆರಳಿನಷ್ಟು ತಗ್ಗಿತ್ತು. ಪೆಡಲ್ ಕೆಳಗೆ ಬಂದಾಗ ಮೊಣಕಾಲು ೨೫ರಿಂದ ೩೫ ಡಿಗ್ರಿಯಷ್ಟು ಮಾತ್ರ ಬಾಗಿರಬೇಕು. ಇವರದು ಬಹಳ ಮಡಚಿಕೊಂಡಿತ್ತು. ಹ್ಯಾಂಡಲ್ ದೂರವಾಗಿದ್ದುದರಿಂದ ಮೈಭಾರವೆಲ್ಲ ಅಂಗೈಯ ಹೊರಬದಿಯ ಮೇಲೆ ಬಿದ್ದು, ಕಿರುಬೆರಳಿಗೆ ಹೋಗುವ ನರ ಅಲ್ಲಿ ಒತ್ತುತ್ತಿತ್ತು. ಟೈರಿಗೆ ೧೨೦ ಪಿಎಸ್‌ಐ ಗಾಳಿ ತುಂಬಿಸಿದ್ದರು. ಗಟ್ಟಿಯಾದಷ್ಟೂ ವೇಗ ಎಂಬ ಹಳೆಯ ನಂಬಿಕೆ. ನಯವಾದ ಪಂದ್ಯದ ಅಂಕಣದಲ್ಲಿ ಅದು ಸರಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರುಗಳು ಕಿತ್ತು ಹಾಕಿದ ನಮ್ಮ ರಸ್ತೆಗಳಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿದು, ಆ ಹೊಡೆತವನ್ನು ನೇರವಾಗಿ ಕೈಗೂ ಸೊಂಟಕ್ಕೂ ತಲುಪಿಸುತ್ತದೆ, ವೇಗವೂ ಕುಂದುತ್ತದೆ. ಸೀಟು ಎತ್ತರಿಸಿ, ಹ್ಯಾಂಡಲಿನ ಕತ್ತನ್ನು ಗಿಡ್ಡದಕ್ಕೆ ಬದಲಿಸಿ, ಕೈಪಟ್ಟಿ ಮೆತ್ತಗೆ ಮಾಡಿ, ಅಗಲವಾದ ಒಳ್ಳೆಯ ಟೈರು ಹಾಕಿ ಗಾಳಿಯನ್ನು ಸಾಕಷ್ಟು ಇಳಿಸಲು ಹೇಳಿದೆವು. ಅಗ್ಗದ ಟೈರು ಜೋಡಿಗೂ ಒಳ್ಳೆಯ ಟೈರು ಜೋಡಿಗೂ ನಡುವಿನ ವ್ಯತ್ಯಾಸವೇ ಅವರ ವೇಗದಲ್ಲಿ ಆ ಲಕ್ಷ ರೂಪಾಯಿಯ ಗಾಲಿಯ ಲಾಭಕ್ಕಿಂತ ಹೆಚ್ಚು. ಗಾಳಿಗೆ ಪಟಪಟ ಬಡಿಯುವ ಸಡಿಲ ಅಂಗಿಯ ಬದಲು ಮೈಗಂಟುವ ಅಂಗಿ, ಎದುರು ಗಾಳಿಯಲ್ಲಿ ಮೊಣಕೈ ಮಡಚಿ ಬಾಗುವ ಅಭ್ಯಾಸ, ಸರದಿಯಂತೆ ಒಬ್ಬರ ಹಿಂದೆ ಒಬ್ಬರು ಹೋಗುವ ಶಿಸ್ತು, ಇವಕ್ಕೆ ಖರ್ಚಿಲ್ಲ ಅಥವಾ ಅಲ್ಪ ಖರ್ಚು. ಹಿಂಬಾಲಿಸಿ ಹೋಗುವವನಿಗೆ ಶ್ರಮ ಕಾಲು ಪಾಲಿನಷ್ಟು ಇಳಿಯಬಲ್ಲದು. ಯಾವ ಗಾಲಿಯೂ ಅಷ್ಟು ಕೊಡಲಾರದು. ವಾತಶಮನಕ್ಕಾಗಿ ವಾರಕ್ಕೆರಡು ಸಲ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಅನಂತರ ಬಿಸಿನೀರಿನ ಸ್ನಾನವನ್ನು ನಾವು ಸೂಚಿಸಿದೆವು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಸವಾರರು ಜೇಬಿನಲ್ಲಿ ಬೆಲ್ಲದ ತುಂಡು ಇಟ್ಟುಕೊಳ್ಳಲೇಬೇಕು. ಕೈ ನಡುಗಿ, ತಣ್ಣನೆಯ ಬೆವರು ಬಂದರೆ ನಿಲ್ಲಿಸಿ ತಿನ್ನಬೇಕು. ಎದೆಯಲ್ಲಿ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಿಯುವ ನೋವು ಕಂಡರೆ ಗುಂಪಿಗೆ ನಾಚದೆ ಅಲ್ಲಿಯೇ ಇಳಿದು ಆಸ್ಪತ್ರೆಗೆ ಹೋಗಬೇಕು.

ನಮ್ಮ ಭಾಗದ ರಸ್ತೆಗಳಲ್ಲಿ ಎತ್ತರದ ಗಾಲಿಗೆ ಬೇರೆ ತೊಡಕುಗಳೂ ಇವೆ. ಜ್ಯೇಷ್ಠ, ಆಷಾಢಗಳಲ್ಲಿ ಪಡುವಣ ಗಾಳಿ ಅಥಣಿ-ಕಾಗವಾಡದ ಬಯಲುಗಳಲ್ಲಿ ಯಾವ ಅಡೆತಡೆಯೂ ಇಲ್ಲದೆ ಬೀಸುತ್ತದೆ. ದಕ್ಷಿಣೋತ್ತರವಾಗಿ ಹೋಗುವ ರಸ್ತೆಯಲ್ಲಿ ಅದು ಪಕ್ಕೆಗೆ ಹೊಡೆಯುತ್ತದೆ. ಮುಂದಿನ ಗಾಲಿಯ ರಿಮ್ ಎತ್ತರವಾಗಿದ್ದಷ್ಟೂ ಹಾಯಿಯಂತೆ ಗಾಳಿ ಹಿಡಿದು ಹ್ಯಾಂಡಲ್ಲನ್ನು ತಿರುಚುತ್ತದೆ. ಪಕ್ಕದಲ್ಲಿ ದೊಡ್ಡ ಟ್ರಕ್ಕು ದಾಟುವಾಗ ಗಾಳಿ ಒಮ್ಮೆ ನಿಂತು, ಅದು ಮುಂದೆ ಹೋದೊಡನೆ ಮತ್ತೆ ಬಡಿಯುತ್ತದೆ. ಹಗುರ ಮೈಯವರು ಆ ಕ್ಷಣದಲ್ಲಿ ಒಂದು ಮಾರು ಅತ್ತಿತ್ತ ಸರಿಯುವುದುಂಟು. ರಿಮ್ಮಿನ ಮೇಲೆಯೇ ಬ್ರೇಕು ಹಿಡಿಯುವ ಕಾರ್ಬನ್ ಗಾಲಿಗಳು ಮಳೆಯಲ್ಲಿ ತಡವಾಗಿ ನಿಲ್ಲುತ್ತವೆ. ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಆ ತೊಂದರೆ ಇಲ್ಲ. ಅಲ್ಯುಮಿನಿಯಮ್ ಗಾಲಿ ಗುಂಡಿಗೆ ಬಿದ್ದು ಸೊಟ್ಟಗಾದರೆ ಊರಿನ ಮಿಸ್ತ್ರಿ ಕಡ್ಡಿ ಬಿಗಿದು ಬೆಂಡ್ ತೆಗೆಯುತ್ತಾನೆ. ಕಾರ್ಬನ್ ಬಾಗುವುದಿಲ್ಲ, ಬಿರಿಯುತ್ತದೆ. ಕೆಲವು ಹೊಸ ರಿಮ್ಮುಗಳಿಗೆ ಟೈರು ಹಿಡಿಯುವ ಒಳಗೊಕ್ಕೆ ಇರುವುದಿಲ್ಲ. ಅವುಗಳಲ್ಲಿ ಗಾಳಿ ೭೨ ಪಿಎಸ್‌ಐ ದಾಟುವಂತಿಲ್ಲ. ಲಾರಿಗೆ ಗಾಳಿ ತುಂಬುವ ಯಂತ್ರದ ಮುಂದೆ ಸೈಕಲ್ ನಿಲ್ಲಿಸಿ ಮಾತಿನಲ್ಲಿ ಮೈಮರೆತರೆ ಟೈರು ಕಳಚಿ ಹಾರೀತು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆ ಗಾಲಿಗಳು ಯಾರಿಗೂ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳ ತವರು. ಜಾತ್ರೆ, ಉರುಸುಗಳಲ್ಲಿ ಸೈಕಲ್ ಶರ್ಯತ್ತು ಏರ್ಪಡಿಸುವ ರೂಢಿ ನಮ್ಮ ಉತ್ತರ ಕರ್ನಾಟಕದಲ್ಲಿದೆ. ಬಡ ಒಕ್ಕಲುತನದ ಮನೆಗಳ ಹುಡುಗ ಹುಡುಗಿಯರು ಕ್ರೀಡಾ ನಿಲಯಗಳಲ್ಲಿ ಪಳಗಿ ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ; ಅಲ್ಲಿಯ ಪದಕ ಕೆಲವರಿಗೆ ಕ್ರೀಡಾ ಕೋಟಾದ ನೌಕರಿಯ ದಾರಿ. ಗಂಟೆಗೆ ೪೦ಕ್ಕೂ ಹೆಚ್ಚು ವೇಗದಲ್ಲಿ ಏಕಾಂಗಿಯಾಗಿ ಗಡಿಯಾರದೊಡನೆ ಸೆಣಸುವ ಆ ಮಕ್ಕಳಿಗೆ ಈ ಗಾಲಿ ಉಪಕರಣವೇ ಹೊರತು ಆಡಂಬರವಲ್ಲ. ವಿಪರ್ಯಾಸವೆಂದರೆ, ಎರವಲು ಸೈಕಲ್ಲಿನಲ್ಲಿ ಅಭ್ಯಾಸ ಮಾಡುವ ಮಕ್ಕಳೂ ಅವರಲ್ಲಿದ್ದಾರೆ. ಲಕ್ಷದ ಗಾಲಿ ಚಹಾ ಅಂಗಡಿಯ ಗೋಡೆಗೆ ಒರಗಿರುತ್ತದೆ. ಉಳ್ಳವರು ಒಂದು ಜೋಡಿಯನ್ನು ಅಂತಹ ಒಬ್ಬ ಹುಡುಗಿಗೆ ಕೊಡಿಸಿದರೆ ಅದು ಚೆನ್ನಾದ ದಾಸೋಹವೇ.

ಮನೆ ನಡೆದು, ಮಕ್ಕಳ ಓದು ಸಾಗಿ, ಸಾಲವಿಲ್ಲದೆ ಹಣ ಉಳಿದವರು ಬರೀ ಸಂತೋಷಕ್ಕಾಗಿ ಕೊಂಡರೆ ಅದಕ್ಕೂ ನಮ್ಮ ತಕರಾರಿಲ್ಲ. ಹೊಸ ಗಾಲಿಯ ಗುಂಯ್‌ ಎನ್ನುವ ಸದ್ದು ಒಬ್ಬನನ್ನು ನಸುಕಿನಲ್ಲಿ ಹಾಸಿಗೆಯಿಂದ ಎಬ್ಬಿಸುವುದಾದರೆ ಅದೂ ಒಂದು ಗುಣವೇ. ನಾವೂ ಒಮ್ಮೆ ಹೃದಯದ ಬಡಿತ ಎಣಿಸುವ ದುಬಾರಿ ಕೈಗಡಿಯಾರ ಕೊಂಡು, ಎರಡು ತಿಂಗಳು ಶ್ರದ್ಧೆಯಿಂದ ನಡೆದು, ಈಗ ಅದನ್ನು ಮೇಜಿನ ಖಾನೆಯಲ್ಲಿ ಇಟ್ಟಿದ್ದೇವೆ. ಬೇರೆಯವರ ಮೋಹವನ್ನು ಹಂಗಿಸುವ ಅಧಿಕಾರ ನಮಗೆ ಅಷ್ಟಾಗಿ ಇಲ್ಲ.

ಆದರೆ ಕಬ್ಬಿನ ಬಿಲ್ಲನ್ನು ನಂಬಿದ ಮನೆಗೆ ನಾವು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಈ ವರ್ಷ ಬೇಡ. ಮೊದಲು ಟೈರು, ಸೀಟು, ಒಳ್ಳೆಯ ಶಿರಸ್ತ್ರಾಣ. ಅದಕ್ಕಿಂತಲೂ ಮೊದಲು ಹಿಂದೆ ಮಿನುಗುವ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ. ಹಂಗಾಮಿನ ನಸುಕಿನಲ್ಲಿ ಹಿಂಬದಿಯ ದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಲಿಗಳಿಗೂ, ನಿದ್ದೆಗಣ್ಣಿನಲ್ಲಿ ಬರುವ ಚಾಲಕರಿಗೂ ನಡುವೆ ತುಳಿಯುವವರಿಗೆ ಇದು ಜೀವದ ಪ್ರಶ್ನೆ. ಎಲ್ಲ ಸೇರಿ ಅವರಿಗೆ ಹದಿನಾಲ್ಕು ಸಾವಿರ ರೂಪಾಯಿಯೊಳಗೆ ಮುಗಿಯಿತು.

ಮಾಘದಲ್ಲಿ ಮತ್ತೆ ಬಂದರು. ಬೆರಳಿನ ಜುಮು ಹೋಗಿತ್ತು; ಸೊಂಟ ಇನ್ನೂ ಆಗಾಗ ಕಾಡುತ್ತಿದೆಯೆಂದರು, ಅದಕ್ಕೆ ಕೆಲವು ಆಸನಗಳನ್ನು ಹೇಳಿಕೊಟ್ಟೆವು. ತೂಕ ಇನ್ನೆರಡು ಕಿಲೊ ಇಳಿದಿತ್ತು. ಮಗಳ ಫೀ ತುಂಬಿದ್ದಾಯಿತೆಂದು ತಾಯಿಯವರೇ ಹೇಳಿದರು. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಎದ್ದವರು ಬಾಗಿಲ ಬಳಿ ನಿಂತರು. “ನಮ್ಮ ಗುಂಪಿನವನೊಬ್ಬ ತನ್ನ ಗಾಲಿ ಅರ್ಧಾ ರೇಟಿಗೆ ಕೊಡ್ತೇನಂತಾನ್ರಿ. ತಗೋಲೇನ್ರಿ?”

ಅವರನ್ನು ಮತ್ತೆ ಕೂರಿಸಿದೆವು. ಬಳಸಿದ ಕಾರ್ಬನ್ ಗಾಲಿಯಾದರೆ ಅದು ಗುಂಡಿಗೆ ಬಿದ್ದಿತ್ತೇ, ಅಪಘಾತ ಕಂಡಿತ್ತೇ ಎಂದು ಮೊದಲು ಕೇಳಿರಿ. ಟೈರು ಬಿಚ್ಚಿಸಿ, ಕಡ್ಡಿ ಸೇರುವ ತೂತುಗಳ ಸುತ್ತ ಮತ್ತು ಟೈರು ಕೂರುವ ಅಂಚಿನ ಉದ್ದಕ್ಕೂ ಬಿಸಿಲಿನಲ್ಲಿ ಹಿಡಿದು ಕೂದಲೆಳೆಯಷ್ಟು ಬಿರುಕಾದರೂ ಇದೆಯೇ ನೋಡಿರಿ. ನಾಣ್ಯದಿಂದ ಸುತ್ತಲೂ ಮೆಲ್ಲಗೆ ತಟ್ಟಿದಾಗ ಒಂದು ಕಡೆ ಮಾತ್ರ ಸದ್ದು ಮಂದವಾಗಿ ಕೇಳಿದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಅದನ್ನು ಹಾಕಿಕೊಂಡು ತವಂದಿ ಘಾಟು ಇಳಿಯಬೇಡಿರಿ. ಅವನ್ನೆಲ್ಲ ನೋಡಿದ ಮೇಲೆ, ಮನೆಯವರನ್ನು ಕೇಳಿರಿ.